ಕೇಳುವವರೂ ಅವರೇ, ಹೇಳುವವರೂ ಅವರೇ

ಚರಂಡಿ ಕಾಮಗಾರಿಯ ಬಿಲ್ಲಿಗೆ ಸಹಿ ಹಾಕಿದ ಅಧ್ಯಕ್ಷರನ್ನೇ, ಆ ಚರಂಡಿ ನೆಟ್ಟಗಿದೆಯೇ ಎಂದು ನೋಡಬೇಕಾದ ಸಮಿತಿಯ ತಲೆಗೆ ಕೂರಿಸಿದರೆ ಪ್ರಶ್ನೆ ಹುಟ್ಟುವುದೆಲ್ಲಿಂದ? ಇದು ಕುಚೋದ್ಯವಲ್ಲ, ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಏರ್ಪಾಡು. 1993ರ ಆ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗೆ ಮೂರು ಸ್ಥಾಯಿ ಸಮಿತಿಗಳು: ಉತ್ಪಾದನೆ, ಸಾಮಾಜಿಕ ನ್ಯಾಯ, ಸೌಕರ್ಯ. ರಸ್ತೆ, ಆರೋಗ್ಯ, ಲೋಕೋಪಯೋಗಿ ಕೆಲಸಗಳೆಲ್ಲ ಸೌಕರ್ಯ ಸಮಿತಿಯ ಪಾಲು. ಅದಕ್ಕೂ ಉತ್ಪಾದನಾ ಸಮಿತಿಗೂ ಅಧ್ಯಕ್ಷರೇ ಅಧ್ಯಕ್ಷರು, ಉಳಿದೊಂದಕ್ಕೆ ಉಪಾಧ್ಯಕ್ಷರು. ಅಧ್ಯಕ್ಷರು ಎಷ್ಟೇ ಪ್ರಾಮಾಣಿಕರಿರಲಿ, ತನ್ನ ಬೆನ್ನು ತನಗೆ ಕಾಣದು.

ಈ ವಿಚಾರದಲ್ಲಿ ಇಂಗ್ಲೆಂಡಿನ ಕಾನೂನು ಸ್ಪಷ್ಟವಾಗಿದೆ. 2000ದ ಸ್ಥಳೀಯ ಸರ್ಕಾರ ಕಾಯ್ದೆಯ ಕೆಳಗೆ, ಸ್ಥಳೀಯ ಕೌನ್ಸಿಲಿನಲ್ಲಿ ತೀರ್ಮಾನ ಮಾಡುವ ಸಂಪುಟದ ಸದಸ್ಯರು ಪರಿಶೀಲನಾ ಸಮಿತಿಯಲ್ಲಿ ಕೂರುವಂತಿಲ್ಲ. ಸಮಿತಿ ಕರೆದರೆ ಅವರು ಬಂದು ಉತ್ತರ ಹೇಳಬೇಕು. ಇನ್ನೂ ಜಾರಿಯಾಗದ ತೀರ್ಮಾನವನ್ನು ತಡೆದು, ಮತ್ತೊಮ್ಮೆ ಯೋಚಿಸಿ ಎಂದು ಹಿಂದಕ್ಕೆ ಕಳಿಸಬಹುದು. ರದ್ದುಮಾಡುವ ಅಧಿಕಾರ ಮಾತ್ರ ಇಲ್ಲ.

ಹಾಗೆಂದು ಕಾನೂನಿದ್ದರೆ ಸಾಕೇ? ಸಾಲದು. ಅದೇ ಇಂಗ್ಲೆಂಡಿನ ರಾದರ್‌ಹ್ಯಾಮ್ ಪಟ್ಟಣದಲ್ಲಿ 1997ರಿಂದ 2013ರವರೆಗೆ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು 2014ರಲ್ಲಿ ಅಲೆಕ್ಸಿಸ್ ಜೇ ಅವರ ತನಿಖಾ ವರದಿ ಹೇಳಿತು. ಮರುವರ್ಷ ಸರ್ಕಾರದ ಪರವಾಗಿ ಲೂಯಿಸ್ ಕೇಸಿ ಆ ಊರಿನ ಕೌನ್ಸಿಲನ್ನು ತಪಾಸಣೆ ಮಾಡಿ, ಅದು ತನ್ನ ಕೆಲಸಕ್ಕೇ ಯೋಗ್ಯವಾಗಿ ಉಳಿದಿಲ್ಲ ಎಂದರು. ಸಂಪುಟ ರಾಜೀನಾಮೆ ಕೊಟ್ಟಿತು, ಸರ್ಕಾರ ತನ್ನ ಆಯುಕ್ತರನ್ನು ಕಳಿಸಿತು. ಪರಿಶೀಲನಾ ಸಮಿತಿಯೇನೋ ಇತ್ತು, ಆದರೆ ಅಷ್ಟೂ ವರ್ಷ ಆ ಊರಲ್ಲಿ ಒಂದೇ ಪಕ್ಷದ ಹಿಡಿತವಿತ್ತು. ನಾಳೆ ಟಿಕೆಟ್ ಕೊಡುವ ನಾಯಕನನ್ನು ಇವತ್ತು ಸಮಿತಿಯಲ್ಲಿ ಕೂರಿಸಿ ಪಾಟೀಸವಾಲು ಹಾಕುವ ಸದಸ್ಯ ಯಾವ ದೇಶದಲ್ಲೂ ಅಪರೂಪ. ನಮ್ಮ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ 1967ರಿಂದ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುತ್ತ ಬಂದಿರುವುದು ಸುಮ್ಮನೆ ಅಲ್ಲ. ದೆಹಲಿಗೆ ಬೇಕಾದ ಈ ಎಚ್ಚರ ಹಳ್ಳಿಗೆ ಯಾಕೆ ಬೇಡ?

ಸದಸ್ಯರೇ ಇಲ್ಲದ ಕಡೆ ಈ ಚರ್ಚೆಯೂ ದಂಡ. ಬೆಂಗಳೂರಿನ ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಆ ಐದು ವರ್ಷ ಸ್ಥಾಯಿ ಸಮಿತಿಗಳೂ ಇಲ್ಲ. ಆಡಳಿತಾಧಿಕಾರಿ ಮಂಜೂರು ಮಾಡಿದ್ದೇ ಮಂಜೂರು.

ಇಷ್ಟರ ನಡುವೆಯೂ ಹಳ್ಳಿಯವರ ಕೈಯಲ್ಲಿ ಒಂದು ಒಳ್ಳೆಯ ಸಾಧನ ಉಳಿದಿದೆ: ಜಮಾಬಂದಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಹೊರಗಿನ ಅಧಿಕಾರಿಯ ಎದುರು ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದಿಡಬೇಕು. ಬಹಳ ಕಡೆ ಇದು ಪಿಡಿಒ ಗಡಿಬಿಡಿಯಲ್ಲಿ ಅಂಕಿ ಓದುವುದು, ಕಾಫಿ, ಸಹಿ, ಇಷ್ಟಕ್ಕೇ ಮುಗಿಯುತ್ತದೆ. ಅಂಕಿ ಕೇಳಿಸಿಕೊಂಡು ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ಎಂ.ಬಿ. ಪುಸ್ತಕ ತರಿಸಿ, ಅಂದರೆ ಎಂಜಿನಿಯರ್ ಅಳತೆ ಬರೆದಿಟ್ಟ ಪುಸ್ತಕ. ಅದರಲ್ಲಿ ಚರಂಡಿ ನೂರು ಮೀಟರ್ ಎಂದಿದ್ದರೆ ಟೇಪು ಹಿಡಿದು ಚರಂಡಿಗೇ ಹೋಗಿ ಅಳೆಯಿರಿ. ಎಂಬತ್ತಕ್ಕೇ ಮುಗಿದರೆ ಉಳಿದ ಇಪ್ಪತ್ತರ ಲೆಕ್ಕವನ್ನು ಯಾರು ಹೇಳಬೇಕೋ ಅವರು ಅಲ್ಲೇ ನಿಂತಿರುತ್ತಾರೆ.

ಕಾಯ್ದೆಗೆ ಆಗಬೇಕಾದ ತಿದ್ದುಪಡಿ ದೊಡ್ಡದೇನಲ್ಲ. ಸ್ಥಾಯಿ ಸಮಿತಿಗಳಿಗೆ ಅಧ್ಯಕ್ಷ, ಉಪಾಧ್ಯಕ್ಷರಲ್ಲದ ಸದಸ್ಯರು ಅಧ್ಯಕ್ಷರಾಗಲಿ, ಸಭೆಯ ನಡಾವಳಿ ನೋಟಿಸ್ ಬೋರ್ಡಿಗೆ ಬೀಳಲಿ. ಅಲ್ಲಿಯವರೆಗೆ, ಮುಂದಿನ ಜಮಾಬಂದಿಗೆ ನಿಮ್ಮೂರಿನಿಂದ ಹತ್ತು ಜನರಾದರೂ ಹೋಗಿ.