ಶರಬತ್ತು ಅಂತ ಹೇಳಿ ಶೆರೆ ಕುಡಿಸಬ್ಯಾಡ್ರಿ

ಅಕ್ಕಾರ, ಅತ್ತಿಗೇರ, ನೆಗೆಣ್ಣೇರ, ಓಣಿ ಮಂದಿ ಎಲ್ಲಾರೂ ಕೇಳ್ರಿ. ಈ ಸಲ ನಾ ಅಡಗಿ ಬರಿಯಂಗಿಲ್ಲ, ಜಗಳ ಬರೀತೀನಿ. ಓದಿ ಸಿಟ್ಟು ಬಂದ್ರ ಮನಿಗೇ ಬಂದು ಬೈರಿ, ಚಾ ಕುಡಿಸಿ ಕಳಿಸ್ತೀನಿ.

ಬ್ಯಾಸಗಿ ಸೂಟಿಗೆ ನಮ್ಮಕ್ಕನ ಮಗ ಬೆಂಗಳೂರಿಂದ ಚಂದ್ರಬಂಡಕ್ಕ ಬಂದಿದ್ದ. ನಮ್ಮ ಕಡಿ ಬಿಸಿಲು ನಿಮಗ ಹೇಳಬೇಕಾ? ಮಧ್ಯಾಹ್ನ ಅಂಗಳದಾಗ ಕಾಲಿಟ್ರ ಸುಡ್ತದ. “ಚಿಗವ್ವ, ಇವತ್ತು ಎಲ್ಲಾರಿಗೂ ತಂಪಂದು ಒಂದು ಮಾಡಿ ಕೊಡ್ತೀನಿ, ನಾಕು ಲಿಂಬಿಹಣ್ಣು ಹಿಂಡಿ ಕೊಡು” ಅಂದ. ಹುಡುಗ ಪ್ರೀತಿಲೆ ಕೇಳ್ದ ಅಂತ ಹಿಂಡಿ ಕೊಟ್ಟೆ. ಗಿಲಾಸಿನ ಅಂಚಿಗೆ ಲಿಂಬಿ ಸವರಿ ಉಪ್ಪು ಹಚ್ಚು ಅಂದ, ಹಚ್ಚಿದೆ. ಮಜ್ಜಿಗಿ ಮಾಡೋ ಸ್ಟೀಲ್ ಜಗ್ಗು ಕೇಳ್ದ, ಕೊಟ್ಟೆ. ಬ್ಯಾಗಿನಿಂದ ಎರಡು ಬಿಯರ್ ಬಾಟಲಿ, ಒಂದು ಟೆಕಿಲಾ ಬಾಟಲಿ ಹೊರಗ ಬಂದಮ್ಯಾಲೇ ನನಗ ತಿಳದದ್ದು. ಅಷ್ಟೊತ್ತಿಗೆ ನನ್ನ ಕೈಯೂ ಅದರಾಗ ಬಿದ್ದಾಗಿತ್ತು.

ಗಂಡಸ್ರು ಮಾಳಿಗಿ ಮ್ಯಾಲ ಏರಿದ್ರು. ಕೆಳಗ ನಾನೂ ನೆಗೆಣ್ಣಿನೂ ಮಿರ್ಚಿ ಕರದು, ಮಂಡಾಳ ಒಗ್ಗರಣಿ ಹಾಕಿ ಮ್ಯಾಲ ಕಳಿಸಿದ್ವಿ. ಸಂಜಿಗೆ ಜಗ್ಗು ಅಡಗಿಮನಿಗೆ ವಾಪಸ್ ಬಂತು, ತಳದಾಗ ಇನ್ನೂ ಉಳದಿತ್ತು. ಆಡಿ ದಣದು ಬಂದ ನೆಗೆಣ್ಣಿ ಮಗ, ಹದಿನಾಲ್ಕು ವರ್ಷದಾಂವ, ಲಿಂಬಿ ಶರಬತ್ತು ಅಂತ ತಿಳದು ಒಂದೂವರಿ ಗಿಲಾಸು ಕುಡದುಬಿಟ್ಟ.

ಕೂಸಿಗೆ ನಿಂದ್ರಾಕ ಆಗಲಿಲ್ಲ. ಮ್ಯಾಲಿಂದ ಮ್ಯಾಲ ವಾಂತಿ. ಮೈ ತಣ್ಣಗ. “ರಾಯಚೂರಿಗೆ ದವಾಖಾನಿಗೆ ಒಯ್ಯೋಣು” ಅಂದ್ರ ಮನಿ ಹಿರೇರು “ಮಂದಿಗೆ ಗೊತ್ತಾಗ್ತದ, ಸುಮ್ನಿರು, ಮುಂಜಾನಿಗೆ ಇಳಿತದ” ಅಂದ್ರು. ನಾವಿಬ್ರೂ ಅವನ್ನ ಮಗ್ಗಲಕ್ಕ ಹೊಳ್ಳಿಸಿ ಮಲಗಿಸಿ, ಉಸಿರು ನೋಡಿಕೋತ ರಾತ್ರಿ ಪೂರಾ ಕುಂತ್ವಿ. ದೇವರು ದೊಡ್ಡಾಂವ, ಹುಡುಗ ಎದ್ದ. ಮುಂಜಾನಿ ಚಾ ಕುಡಿಯೋವಾಗ ಒಬ್ಬರು ನಕ್ಕು ಅಂದ್ರು: “ಹೋಗ್ಲಿ ಬಿಡು, ಈಗ ಗಂಡಸಾದ!”

ಆ ನಗಿ ನನಗ ಇನ್ನೂ ಅರಗಿಲ್ಲ. ಅದಕ್ಕ ಇದು ಬರಿಯಾಕತ್ತೀನಿ.

ಹುಡುಗ ನನಗ ಸಮಜಾಯಿಷಿ ಹೇಳ್ದ. “ಚಿಗವ್ವ, ಇದು ಕಾಕ್‌ಟೇಲು, ಸೇಂದಿ ಅಲ್ಲ. ಲೈಟ್ ಇರ್ತದ.” ನಾನೂ ಲೆಕ್ಕ ಓದಿದಾಕಿ. ಬಾಟಲಿ ಮ್ಯಾಲಿನ ಚೀಟಿ ನೋಡಿ ಲೆಕ್ಕ ಹಾಕಿದೆ. 650 ಎಂ.ಎಲ್.ನ ಎರಡು ಬಿಯರ್, ನೂರಕ್ಕ 5ರಂಗ, ಅಂದ್ರ 65 ಎಂ.ಎಲ್. ಮದ್ಯಸಾರ. 180 ಎಂ.ಎಲ್. ಟೆಕಿಲಾ, ನೂರಕ್ಕ 42.8ರಂಗ, ಅಂದ್ರ 77. ಒಟ್ಟು 142. ಆರು ಗಿಲಾಸಿಗೆ ಹಂಚಿದ್ರ ಒಂದೊಂದರಾಗ 24 ಎಂ.ಎಲ್.ಗೆ ಸ್ವಲ್ಪ ಕಡಿಮಿ. 60 ಎಂ.ಎಲ್. ವಿಸ್ಕಿ ಕುಡದ್ರೂ ಹೊಟ್ಟಿಗೆ ಹೋಗೋದು ಸುಮಾರು ಅಷ್ಟೇ. ಫರಕು ಏನಂದ್ರ, ವಿಸ್ಕಿ ಗಂಟಲು ಸುಡ್ತದ, ಕೂಸು ಉಗುಳ್ತದ. ಇದು ಲಿಂಬಿ, ಸಕ್ರಿ, ಬರ್ಫದ ಹಿಂದ ಅಡಗಿ ಕುಂತಿರ್ತದ. ಲೈಟ್ ಆಗಿದ್ದು ರುಚಿ ಅಷ್ಟೇ, ನಶೆ ಅಲ್ಲ.

ಇನ್ನ ಟೆಕಿಲಾದ ದೊಡ್ಡಸ್ತಿಕಿ. ಅದು ಮೆಕ್ಸಿಕೋ ದೇಶದ ಟೆಕಿಲಾ ಅನ್ನೋ ಊರಿನ ಹೆಸರಿನ ಶೆರೆ. ನಮ್ಮ ಹೊಲದ ಬದುವಿಗೆ ಬೆಳಿತದಲ್ಲ ಕತ್ತಾಳಿ, ಅದರ ಜಾತಿಯ ನೀಲಿ ಕತ್ತಾಳಿ ಗಡ್ಡಿ ಬೇಯಿಸಿ, ರಸ ಹುಳಿ ಬರಿಸಿ, ಭಟ್ಟಿ ಇಳಿಸ್ತಾರ. ಬಿಯರಿಗೆ ಲಿಂಬಿ, ಉಪ್ಪು ಹಾಕಿ ಕುಡಿಯೋದೂ ಅಲ್ಲಿಯವರ ಪದ್ಧತಿನೇ. ಅವರ ಊರು, ಅವರ ಪದ್ಧತಿ, ನನಗ ತಕರಾರಿಲ್ಲ. ಆದ್ರ ನಮ್ಮ ಈಚಲ ಗಿಡದ ಸೇಂದಿ ಕುಡದಾಂವ “ಕುಡುಕ”, ಅವರ ಕತ್ತಾಳಿ ರಸ ಕುಡದಾಂವ “ಸ್ಟೈಲು”? ಇದ್ಯಾವ ನ್ಯಾಯ?

ಸೇಂದಿ ಅಂದ್ರ ನಮ್ಮ ಜಿಲ್ಲಾದಾಗ ಏನಂತ ನಿಮಗೆಲ್ಲ ಗೊತ್ತದ. ಗಿಡದ್ದು ಹೋಗಿ, ಸಿ.ಎಚ್. ಪೌಡರ್, ಅಂದ್ರ ನಿದ್ದಿ ಬರಿಸೋ ಕ್ಲೋರಲ್ ಹೈಡ್ರೇಟ್, ನೀರಾಗ ಕಲಸಿ ಮಾರೋದು ಬಂತು. ನಮ್ಮ ಸ್ವಾದರಮಾವ ಅದಕ್ಕೇ ಹೋದ. ಒಂದು ದಿನ ಸಿಗದಿದ್ರ ಕೈ ನಡಗ್ತಿದ್ವು, ಗ್ವಾಡಿ ಕೂಡ ಮಾತಾಡ್ತಿದ್ದ. ಅತ್ತಿ ಕೂಲಿ ರೊಕ್ಕ ಸೀರಿ ಸೆರಗಿನಾಗ ಗಂಟು ಹಾಕಿ, ಹೊಟ್ಟಿ ಕೆಳಗ ಇಟಗೊಂಡು ಮಲಗ್ತಿದ್ಲು. ಆಕೀನ್ನ ನೋಡಿ ನಮ್ಮ ಮನಿಯವರು ಮೂಗು ಮುರೀತಿದ್ರು. ಅದೇ ಮನಿಯವರು ಇವತ್ತು ಮಾಳಿಗಿ ಮ್ಯಾಲ ಗಿಲಾಸಿಗೆ ಉಪ್ಪು ಹಚ್ಚಿ ಫೋಟೋ ತಗೋತಾರ.

“ತಂಪಾಗ್ತದ” ಅಂತಾರ. ಆಗಂಗಿಲ್ಲ. ಬಾಯಿಗೆ ಬರ್ಫ ತಂಪು, ಅಷ್ಟೇ. ಮದ್ಯ ಮೂತ್ರ ಹೆಚ್ಚು ಮಾಡಿ ಮೈಯಾಗಿನ ನೀರು ಹೊರಗ ಹಾಕ್ತದ. ಮೊದಲೇ ಬೆವರಿ ಬೆವರಿ ಒಣಗಿದ ಮೈಗೆ ಅದು ಉಲ್ಟಾ ಕೆಲಸ.

“ರಸ್ತಾದಾಗ ಬೀಳೋದಕ್ಕಿಂತ ಮನ್ಯಾಗ ಕುಡಿಯೋದು ಛಲೋ ಅಲ್ಲೇನು?” ಅಂತ ಕೇಳೋರು ಅದಾರ. ಈ ಮಾತಿನ್ಯಾಗ ಒಂದೀಟು ಖರೆ ಅದ. ಕುಡದು ಗಾಡಿ ಹೊಡಿಯೋದಕ್ಕಿಂತ ಮನ್ಯಾಗ ಬಿದ್ದಿರೋದು ಛಲೋ. ಆದ್ರ ಮನಿ ಅಂದ್ರ ಯಾರದು? ಗಿಲಾಸು ತೊಳಿಯೋದು, ವಾಂತಿ ಬಳಿಯೋದು, ರಾತ್ರಿ ಕುಂತು ಉಸಿರು ಎಣಸೋದು ಯಾರು? ಅಂಗಡ್ಯಾಗಿನ ಬಾಟಲಿ ಕೂಸಿನ ಕೈಗೆ ತಾನಾಗಿ ಬರಂಗಿಲ್ಲ. ಮಜ್ಜಿಗಿ ಜಗ್ಗಿನಾಗ ಇಟ್ರ ಬರ್ತದ.

ಬರೇ ಸರ್ಕಾರದ ಕಾನೂನಿನ ಮ್ಯಾಲೂ ನನಗ ಪೂರಾ ನಂಬಿಕಿಲ್ಲ. 2007ರ ಜುಲೈ 1ಕ್ಕ ಸಾರಾಯಿ ಬಂದ್ ಆತು, ಕುಡಿಯೋದು ಬಂದ್ ಆತೇನು? ಸಾರಾಯಿ ಪಾಕೀಟಿನ ಜಾಗಾಕ್ಕ ಸಣ್ಣ ವಿಸ್ಕಿ ಪಾಕೀಟು ಬಂದ್ವು. ಸಂವಿಧಾನದ 47ನೇ ವಿಧಿಯೊಳಗ ಪಾನನಿಷೇಧ ತರಾಕ ಸರ್ಕಾರ ಪ್ರಯತ್ನ ಮಾಡಬೇಕು ಅಂತ ಬರದದ. ಅದನ್ನೇ ಕೇಳ್ಕೋತ 2019ರ ಜನವರಿ 19ಕ್ಕ ಚಿತ್ರದುರ್ಗದಿಂದ ಹೊರಟ ಹೆಣ್ಣಮಕ್ಕಳು ಬೆಂಗಳೂರು ತನಕ ನಡದ್ರು. ಅದರಾಗ ನಮ್ಮ ರಾಯಚೂರು ಕಡಿ ಕೂಲಿ ಮಾಡೋ ಹೆಣ್ಣಮಕ್ಕಳು ಎಷ್ಟೋ ಮಂದಿ. ಅವರು ಕಾಲು ಬೊಕ್ಕಿ ಬರೋ ಹಂಗ ನಡದ್ರು. ನಾವು ಮನ್ಯಾಗ ಕುಂತು ಟಿ.ವಿ. ನೋಡಿದ್ವಿ. ಈಗ ನಾವೇ ಲಿಂಬಿಹಣ್ಣು ಹಿಂಡಿ ಕೊಡಾಕತ್ತೀವಿ. ಹೌದು, ಬೈಗುಳ ಮೊದಲು ನನಗೇ. ಬಾಟಲಿ ಕಂಡಮ್ಯಾಲೂ “ಬೆಂಗಳೂರಿನ ಹುಡುಗ, ಬ್ಯಾಸರ ಮಾಡಿಕೊಂಡಾನು” ಅಂತ ಬಾಯಿ ಮುಚ್ಚಿಕೊಂಡು ಮಿರ್ಚಿ ಕರದಾಕಿ ನಾನೇ.

ಅದಕ್ಕ ನಾನೂ ನೆಗೆಣ್ಣಿನೂ ನಮ್ಮ ಅಡಗಿಮನಿಗೆ ಕಾನೂನು ಮಾಡೀವಿ. ನಮ್ಮ ಗಿಲಾಸು, ನಮ್ಮ ಜಗ್ಗು ಅದಕ್ಕ ಕೊಡಂಗಿಲ್ಲ. ಅದರ ಸಲುವಾಗಿ ಒಲಿ ಹಚ್ಚಂಗಿಲ್ಲ, ಶೇಂಗಾ ಸುದ್ಧಾ ಹುರಿಯಂಗಿಲ್ಲ. ಮಕ್ಕಳಿರೋ ಮನ್ಯಾಗ ಕಲಸಿದ್ದು ಇಡಂಗಿಲ್ಲ. ಯಾವ ಕೂಸರ ಕುಡದದ ಅಂತ ಗೊತ್ತಾದ್ರ, ಮಂದಿ ಏನರ ಅನ್ನಲಿ, ಸೀದಾ ದವಾಖಾನಿ. ಮಾನಕ್ಕಿಂತ ಉಸಿರು ದೊಡ್ಡದು.

ಹುಡುಗ ಹೋಗೋ ಮುಂದ ಮಾರಿ ಸಣ್ಣದು ಮಾಡಿ “ತಪ್ಪಾತು ಚಿಗವ್ವ” ಅಂದ. “ಮುಂದಿನ ಸಲ ಬಾ ತಮ್ಮ” ಅಂದೆ. “ತಂಪು ನಾ ಮಾಡ್ತೀನಿ. ಹುಳಿ ಮಜ್ಜಿಗಿಗೆ ಶುಂಠಿ, ಜೀರಗಿ, ಕೊತ್ತಂಬ್ರಿ ಜಜ್ಜಿ ಹಾಕಿ, ಉಪ್ಪು ಒಳಗೇ ಕಲಸಿ ಕೊಡ್ತೀನಿ. ಅಂಚಿಗೆ ಹಚ್ಚಬೇಕಂದ್ರ ಅದೂ ಹಚ್ತೀನಿ. ಅದನ್ನ ನಿನ್ನ ತಮ್ಮನೂ ಕುಡಿತಾನ, ನಿಮ್ಮಜ್ಜಿನೂ ಕುಡಿತಾಳ, ಯಾರೂ ಮಾಳಿಗಿ ಏರೋ ಕೆಲಸಿಲ್ಲ.”

ನಿಮ್ಮ ಮನ್ಯಾಗ ಈ ಕಾನೂನು ಮಾಡ್ತೀರೇನು? ಯೋಚನಿ ಮಾಡ್ರಿ. ಮುಂದಿನ ಮದವಿ ಸೀಜನ್ನು ಬರಾಕ ಭಾಳ ದಿನ ಇಲ್ಲ.