ಹುಲಿ ನೋಡಲು ಹೋಗುವ ಮುನ್ನ

ಮಹಾನಗರದಲ್ಲಿ ನೆಲೆಸಿದ ನಮ್ಮ ಮನೆಗಳಿಗೆ ಊರಿನಿಂದ ಹಿರಿಯರು ಬಂದರೆಂದರೆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ: ಇವರನ್ನು ಎಲ್ಲಿಗೆ ಕರೆದೊಯ್ಯುವುದು? ಮುಂಬಯಿಯ ಕನ್ನಡಿಗರಲ್ಲಿ ಅನೇಕರಿಗೆ ಥಟ್ಟನೆ ಹೊಳೆಯುವ ಉತ್ತರ ಬೈಕಲಾದ ರಾಣಿಬಾಗ್, ಅರ್ಥಾತ್ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. ಮಕ್ಕಳಿಗೆ ಪ್ರಾಣಿಗಳು, ದೊಡ್ಡವರಿಗೆ ಮರದ ನೆರಳು, ಗೃಹಸ್ಥನ ಜೇಬಿಗೆ ಹಗುರ. ಇಷ್ಟಿದ್ದ ಮೇಲೆ ಯೋಚಿಸುವುದೇನಿದೆ ಎಂದು ನಾನೂ ಭಾವಿಸಿದ್ದೆ. ಅದು ತಪ್ಪೆಂದು ತಿಳಿದದ್ದು 2018ರ ಮೇ ತಿಂಗಳಿನ ಒಂದು ಭಾನುವಾರ.

ಸವಣೂರಿನಿಂದ ತಂದೆತಾಯಿ ಬಂದಿದ್ದರು. ಮಕ್ಕಳಿಗೆ ಬೇಸಿಗೆ ರಜೆ. ಎಲ್ಲರೂ ಸಿದ್ಧರಾಗಿ ಹೊರಟು ಉದ್ಯಾನದ ಬಾಗಿಲು ಮುಟ್ಟುವಾಗ ಹನ್ನೊಂದೂವರೆ ಗಂಟೆ. ದಕ್ಷಿಣ ಅಮೆರಿಕದ ಕಡಲತೀರಕ್ಕೆ ಸೇರಿದ ಹಂಬೋಲ್ಟ್ ಪೆಂಗ್ವಿನ್‌ಗಳು 2016ರಲ್ಲಿ ಇಲ್ಲಿಗೆ ಬಂದು, 2017ರ ಮಾರ್ಚಿನಿಂದ ಜನರ ದರ್ಶನಕ್ಕೆ ದೊರೆಯುತ್ತಿದ್ದವು. ಅವನ್ನು ನೋಡುವ ಸಾಲೇ ಅಂದು ಬಹು ಉದ್ದವಾಗಿತ್ತು. ಅದು ಮುಗಿಯುತ್ತಲೇ ಹಿಪ್ಪೊ, ಆನೆ, ಪಕ್ಷಿಗಳ ಪಂಜರವೆಂದು ನಾನು ಎಲ್ಲರನ್ನೂ ಮುಂದೆ ಮುಂದೆ ನಡೆಸಿದೆ. ಬಂದದ್ದಕ್ಕೆ ಎಲ್ಲವನ್ನೂ ನೋಡಲೇಬೇಕು, ಈ ನಗರದ ಭಾಷೆಯಲ್ಲಿ ಹೇಳುವುದಾದರೆ 'ಪೈಸಾ ವಸೂಲ್' ಆಗಲೇಬೇಕು ಎಂಬುದು ನನ್ನ ಹಟ. ತಂದೆಯವರು ಒಮ್ಮೆ ನಿಂತು, "ಏನಪಾ ತಮ್ಮಾ, ನಾವು ಹುಲಿ ನೋಡಾಕ ಬಂದೀವೋ, ಹುಲಿ ಬೆನ್ನು ಹತ್ತಿದಾಂಗ ಓಡಾಕ ಬಂದೀವೋ?" ಎಂದರು. ನಾವು ನಕ್ಕು ಮುಂದೆ ನಡೆದೆವು.

ಇನ್ನರ್ಧ ಗಂಟೆಯಲ್ಲಿ ಅವರು ಬೆವತು, ಕೈ ನಡುಗಿ, ಕಣ್ಣು ಕತ್ತಲಿಟ್ಟು ಕುಸಿದು ಕುಳಿತರು. ಮಧುಮೇಹದ ಮಾತ್ರೆಯನ್ನು ಬೆಳಿಗ್ಗೆ ತಪ್ಪದೆ ನುಂಗಿದ್ದರು. ಊಟದ ಹೊತ್ತು ಮೀರಿ ಹೋಗಿತ್ತು. ಅಪರಿಚಿತ ತಾಯಿಯೊಬ್ಬರು ತಮ್ಮ ಮಗುವಿಗೆಂದು ತಂದಿದ್ದ ಸಕ್ಕರೆಯ ಪಾನಕವನ್ನು ಕುಡಿಸಿದರು. ಹತ್ತು ನಿಮಿಷದಲ್ಲಿ ಅವರು ಚೇತರಿಸಿಕೊಂಡರು. ಆ ಹತ್ತು ನಿಮಿಷಗಳನ್ನು ನಾನು ಇಂದಿಗೂ ಮರೆತಿಲ್ಲ.

ವೃತ್ತಿಯಿಂದ ಲೆಕ್ಕದವನಾದ ನಾನು ಅಂದು ರಾತ್ರಿ ಈ ಪ್ರವಾಸದ ಜಮಾ-ಖರ್ಚನ್ನು ಮನಸ್ಸಿನಲ್ಲೇ ಬರೆದು ನೋಡಿದೆ. 2017ರ ಆಗಸ್ಟಿನಲ್ಲಿ ದೊಡ್ಡವರ ಟಿಕೆಟ್ ಐದು ರೂಪಾಯಿಯಿಂದ ಐವತ್ತಕ್ಕೆ ಏರಿತ್ತು. ತಂದೆ, ತಾಯಿ, ಇಬ್ಬರು ಮಕ್ಕಳ ಕುಟುಂಬಕ್ಕೆ ನೂರು ರೂಪಾಯಿ. ಟ್ಯಾಕ್ಸಿಗೆ ಕೊಟ್ಟ ಹಣದ ಮುಂದೆ ಅದು ಅಲ್ಪ. ನಿಜವಾದ ಖರ್ಚು ಪುಸ್ತಕದಲ್ಲಿ ಎಲ್ಲಿಯೂ ಕಾಣದು: ಅದು ಹಿರಿಯರ ತ್ರಾಣ ಮತ್ತು ಮಕ್ಕಳ ಉತ್ಸಾಹ. ಅವೆರಡನ್ನೂ ನಾನು ನೂರು ರೂಪಾಯಿಯ ವಸೂಲಿಗಾಗಿ ದುಂದು ಮಾಡಿದ್ದೆ.

ಉಚಿತ ಪ್ರಾಣಿಸಂಗ್ರಹಾಲಯದ ಮಹತ್ವ ನನಗೆ ಅರ್ಥವಾದದ್ದು ಈ ದೃಷ್ಟಿಯಿಂದ. ಅಮೆರಿಕದ ಕೆಲವು ನಗರಗಳಲ್ಲಿ ಇಂತಹವು ಬಹುಕಾಲದಿಂದ ಇವೆ. ಷಿಕಾಗೋ ನಗರದ ಲಿಂಕನ್ ಪಾರ್ಕ್ ಸಂಗ್ರಹಾಲಯ 1868ರಲ್ಲಿ ಆರಂಭವಾಯಿತು. ವಾಷಿಂಗ್ಟನ್ನಿನ ರಾಷ್ಟ್ರೀಯ ಸಂಗ್ರಹಾಲಯವನ್ನು 1889ರಲ್ಲಿ ಅಲ್ಲಿಯ ಸಂಸತ್ತೇ ಸ್ಥಾಪಿಸಿತು. ಎರಡರಲ್ಲಿಯೂ ಪ್ರವೇಶ ಉಚಿತ. ಸೇಂಟ್ ಲೂಯಿಸ್ ನಗರದಲ್ಲಿಯೂ ಹಾಗೆಯೇ. ಅಲ್ಲಿ 1971ರಲ್ಲಿ ನಗರ ಹಾಗೂ ಅದರ ನೆರೆಯ ಕೌಂಟಿಯ ಮತದಾರರು ತಮ್ಮ ಆಸ್ತಿ ತೆರಿಗೆಯ ಒಂದಂಶವನ್ನು ಸಂಗ್ರಹಾಲಯಗಳಿಗೆ ಕೊಡಲು ತಾವಾಗಿಯೇ ಒಪ್ಪಿದರು. ಉಚಿತವೆಂದರೆ ಖರ್ಚಿಲ್ಲವೆಂದಲ್ಲ, ಹುಲಿಗೆ ಮಾಂಸವನ್ನು ಯಾರಾದರೂ ಕೊಳ್ಳಲೇಬೇಕು. ಆ ಖರ್ಚನ್ನು ಬಾಗಿಲಲ್ಲಿ ನಿಂತವನೊಬ್ಬನೇ ಹೊರದೆ ಊರೆಲ್ಲ ಹಂಚಿಕೊಳ್ಳುತ್ತದೆ, ಅಷ್ಟೆ. ಇದರಿಂದ ಉಳಿಯುವ ಹಣಕ್ಕಿಂತಲೂ ದೊಡ್ಡ ಲಾಭವೊಂದಿದೆ. ಟಿಕೆಟ್ ಕೊಳ್ಳದವನಿಗೆ ವಸೂಲಿಯ ಚಿಂತೆಯಿಲ್ಲ. ಅವನು ಒಂದೇ ಪ್ರಾಣಿಯನ್ನು ನೋಡಿ, ಅರ್ಧ ಗಂಟೆ ಕುಳಿತು, ಮನೆಗೆ ಹಿಂದಿರುಗಬಲ್ಲ. ಉಳಿದದ್ದು ಮುಂದಿನ ವಾರಕ್ಕೆ.

ನಮ್ಮ ನಗರಸಭೆಗಳೂ ಈ ಮಾರ್ಗವನ್ನು ಆಲೋಚಿಸಬೇಕೆಂಬುದು ನನ್ನ ಅಭಿಮತ. ರಾಣಿಬಾಗ್ ಸಾರ್ವಜನಿಕರ ಸೊತ್ತು. 1862ರಲ್ಲಿ ಸಸ್ಯೋದ್ಯಾನವಾಗಿ ತೆರೆದ ಇದನ್ನು 1873ರಲ್ಲಿ ಮಹಾನಗರಪಾಲಿಕೆ ವಹಿಸಿಕೊಂಡಿತು. ಪ್ರಾಣಿಗಳು ಸೇರಿದ್ದು 1890ರಲ್ಲಿ. ಮರಗಳು ಮೊದಲು, ಮೃಗಗಳು ಆಮೇಲೆ ಎಂಬುದನ್ನು ನಾವು ಮರೆತಿದ್ದೇವೆ. ಎರಡು ಕೋಣೆಗಳ ಮನೆಗಳಲ್ಲಿ ಬಾಳುವ ಜನಕ್ಕೆ ಇಂತಹ ಹಸುರು ಆಸ್ಪತ್ರೆಯಷ್ಟೇ ಅಗತ್ಯ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಬಯಲ ಬೆಳಕಿನಲ್ಲಿ ಹೆಚ್ಚು ಕಾಲ ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ತಡವಾಗಿ ತಲೆದೋರುವುದೆಂದೂ ತಜ್ಞರು ಕಂಡುಕೊಂಡಿದ್ದಾರೆ. ಇವೆಲ್ಲ ವರ್ಷಕ್ಕೊಂದು ದಿನದ ದಂಡಯಾತ್ರೆಯಿಂದ ಸಿದ್ಧಿಸುವಂಥವಲ್ಲ.

ನಗರಸಭೆ ಮನಸ್ಸು ಮಾಡುವವರೆಗೆ ನಾವು ಸುಮ್ಮನಿರಬೇಕಿಲ್ಲ. ಟಿಕೆಟ್ಟಿನ ಹಣವನ್ನು ಕೊಟ್ಟೊಡನೆ ಮರೆತು, ಉಚಿತವಾಗಿ ಬಂದವರಂತೆ ನಡೆದುಕೊಂಡರಾಯಿತು. ಅದಕ್ಕೆ ಕೆಲವು ಸಣ್ಣ ಸಿದ್ಧತೆಗಳು ಸಾಕು. ನವೆಂಬರಿನಿಂದ ಫೆಬ್ರವರಿವರೆಗಿನ ದಿನಗಳನ್ನು ಆರಿಸಿಕೊಳ್ಳಿರಿ. ಬುಧವಾರ ರಜೆಯೆಂಬುದು ನೆನಪಿರಲಿ. ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಬಿಸಿಲೇರುವ ಮೊದಲು ಹೊರಬನ್ನಿರಿ. ಮನೆಯಲ್ಲಿ ಯಾರು ಎಲ್ಲರಿಗಿಂತ ನಿಧಾನವಾಗಿ ನಡೆಯುವರೋ ಅವರ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಲಿ. ಏನನ್ನು ನೋಡಬೇಕೆಂದು ಹಿಂದಿನ ರಾತ್ರಿಯೇ ಮಕ್ಕಳು ನಿರ್ಧರಿಸಲಿ. ಎರಡು ಪ್ರಾಣಿಗಳು, ಹೆಚ್ಚೆಂದರೆ ಮೂರು.

ಮಧುಮೇಹವಿರುವವರು ಮಾತ್ರೆ ನುಂಗಿ ಊಟ ತಡಮಾಡಬಾರದು. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇರಲಿ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುವುದರಿಂದ ಹಿರಿಯರು ಕೇಳುವವರೆಗೆ ಕಾಯದೆ ಆಗಾಗ ನೀರು ಕೊಡಿರಿ. ಬಿಸಿಲಿನಿಂದ ತಲೆಸುತ್ತು, ವಾಕರಿಕೆ ಕಂಡರೆ ನೆರಳಿಗೆ ಕರೆತಂದು, ಉಡುಪು ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ತಣಿಸಿ, ಎಚ್ಚರವಿದ್ದರೆ ಮಾತ್ರ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇನ್ನೊಂದು ಮಾತು: ಅಗ್ಗವಾಗಿ ದೊರೆತದ್ದೆಂದು ಉದ್ಯಾನವನ್ನು ತಾತ್ಸಾರ ಮಾಡಬಾರದು. ಪ್ರಾಣಿಗಳಿಗೆ ತಿಂಡಿ ಎಸೆಯುವುದು, ಗಾಜು ಬಡಿಯುವುದು, ಪ್ಲಾಸ್ಟಿಕ್ ಬಿಸಾಡುವುದು ನಮ್ಮಿಂದ ಆಗಬಾರದು.

ಅದೇ ವರ್ಷದ ಡಿಸೆಂಬರಿನಲ್ಲಿ ತಂದೆಯವರು ಮತ್ತೆ ಬಂದರು. ಈ ಸಲ ಬೆಳಿಗ್ಗೆ ಉಪಾಹಾರ ಮುಗಿಸಿ, ಲೋಕಲ್ ಗಾಡಿಯಲ್ಲಿ ಬೈಕಲಾಕ್ಕೆ ಹೋಗಿ, ನಿಲ್ದಾಣದಿಂದ ಮೆಲ್ಲನೆ ನಡೆದೆವು. ಹಿಪ್ಪೊ ಒಂದನ್ನೇ ನೋಡುವುದೆಂದು ಮಕ್ಕಳು ಗೊತ್ತುಮಾಡಿದ್ದರು. ದಾರಿಯಲ್ಲಿ ಆನೆಯ ಕಾಲಿನಂತೆ ದಪ್ಪನೆಯ ಬೂದು ಕಾಂಡದ ಮರವೊಂದರ ಮುಂದೆ ತಂದೆಯವರು ನಿಂತುಬಿಟ್ಟರು. ಮರಾಠಿಗರು ಗೋರಖ್ ಚಿಂಚ್ ಎನ್ನುವ, ಆಫ್ರಿಕಾ ಮೂಲದ ಬಾವೊಬಾಬ್ ಅದು. "ಇದು ನಮ್ಮೂರ ದೊಡ್ಡಹುಣಸಿ ಮರ ಅಲ್ಲೇನು!" ಎಂದರು. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಹೆಮ್ಮರಗಳೂ ಇದೇ ಜಾತಿಯವು. ಅಲ್ಲಿಯೇ ಮುಕ್ಕಾಲು ಗಂಟೆ ಕುಳಿತು, ತಮ್ಮ ಬಾಲ್ಯದ ಮರದ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿದರು. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಅಜ್ಜನ ಊರಿನ ಬಗ್ಗೆ ಅಷ್ಟು ಹೊತ್ತು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಹಿಪ್ಪೊ ನೋಡುವುದು ಅಂದು ಆಗಲೇ ಇಲ್ಲ. ಮಕ್ಕಳು ಗೊಣಗಲಿಲ್ಲ, ಮುಂದಿನ ಭಾನುವಾರ ಮತ್ತೆ ಹೋದೆವು. ಮೇ ತಿಂಗಳಲ್ಲಿ ನಾನು ಅವರನ್ನು ಅದೇ ಉದ್ಯಾನದಲ್ಲಿ ಅಷ್ಟೊಂದು ಸುತ್ತಾಡಿಸಿದ್ದೆ; ಅಂದು ಆ ಮರ ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.