ಶಿರಾ ವಿಮಾನ ನಿಲ್ದಾಣ: ಯಾರ ವಿಮಾನಕ್ಕಾಗಿ?

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಬಳಿ ಬರಲಿ ಎಂದು ಶಾಸಕ ಟಿ.ಬಿ. ಜಯಚಂದ್ರ ಒತ್ತಾಯಿಸಿದಾಗ ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲೂ ಆಸೆ ಚಿಗುರುವುದು ಸಹಜ. ಆದರೆ ಉದ್ಯಮಿಗಳ ಖಾಸಗಿ ಜೆಟ್ ಇಳಿದರೆ ಬಂಡವಾಳವೂ ಇಳಿಯುತ್ತದೆ ಎಂಬ ವಾದವನ್ನು ಒರೆಗೆ ಹಚ್ಚಬೇಕಿದೆ.

2018ರಲ್ಲಿ ಸೇವೆಗೆ ಬಂದ ಬೊಂಬಾರ್ಡಿಯರ್ ಗ್ಲೋಬಲ್ 7500 ಜೆಟ್ ಒಮ್ಮೆ ಇಂಧನ ತುಂಬಿದರೆ ಸುಮಾರು 14,260 ಕಿ.ಮೀ. ಹಾರಬಲ್ಲದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇರುವ ದೂರ ಸುಮಾರು 14,000 ಕಿ.ಮೀ. ಆದರೆ ಅದು ಪ್ರಯಾಣಿಕರು ಕೆಲವರೇ ಇದ್ದು, ಎದುರುಗಾಳಿ ಇಲ್ಲದಾಗಿನ ಲೆಕ್ಕ. ಪೂರ್ಣ ಭಾರದೊಂದಿಗೆ ಮೇಲೇರಲು ಸಮುದ್ರ ಮಟ್ಟದಲ್ಲಿ ಅದಕ್ಕೆ ಸುಮಾರು 1,760 ಮೀಟರ್ ರನ್‌ವೇ ಸಾಕು. ಶಿರಾದಂಥ ಎತ್ತರದ, ಬಿಸಿಲಿನ ಸೀಮೆಯಲ್ಲಿ ಗಾಳಿ ತೆಳುವಾಗಿ ಎಂಜಿನ್ ಬಲ ಕುಂದುವುದರಿಂದ ಇನ್ನೂ ಉದ್ದ ಬೇಕು.

ಇಂಥ ಜೆಟ್‌ಗಳಿಗೆ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ 3 ಕಿ.ಮೀ. ಮೀರಿದ ರನ್‌ವೇ ಇದೆ. 2008ರಲ್ಲಿ ನಾಗರಿಕ ವಿಮಾನಯಾನ ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೂ ಖಾಸಗಿ ವಿಮಾನಗಳು ಅಲ್ಲಿಗೆ ಬರುತ್ತಿವೆ. ಅವಕ್ಕಾಗಿ ಶಿರಾದ ರೈತ ಜಮೀನು ಬಿಡಬೇಕಿಲ್ಲ. ದೇವನಹಳ್ಳಿಯ 150 ಕಿ.ಮೀ. ಸುತ್ತ 2033ರವರೆಗೆ ಹೊಸ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಒಪ್ಪಂದದ ಅಡ್ಡಿಯೂ ಇದೆ.

ಶಿರಾ ಪರವಾದ ಗಟ್ಟಿ ವಾದ ಬೇರೆಯೇ: ರಾಷ್ಟ್ರೀಯ ಹೆದ್ದಾರಿ 48, ವಸಂತನರಸಾಪುರದ ಕೈಗಾರಿಕೆಗಳು, ಅವುಗಳ ಸರಕು, ಸಾಮಾನ್ಯ ಪ್ರಯಾಣಿಕರು. ಕೊರಟಗೆರೆ, ಮಧುಗಿರಿ, ಪಾವಗಡ ಮೂಲಕ ಸಾಗುವ ತುಮಕೂರು–ರಾಯದುರ್ಗ ರೈಲು ಮಾರ್ಗ 2007-08ರಲ್ಲಿ ಮಂಜೂರಾಗಿ ವರ್ಷಗಟ್ಟಲೆ ಕುಂಟಿತು. ಅದನ್ನು ಕಂಡ ಜನ ಘೋಷಣೆಗೆ ಮರುಳಾಗದೆ ಸರಕಿನ ಲೆಕ್ಕ, ಭೂಪರಿಹಾರದ ಮೊತ್ತ, ಕೆಲಸ ಮುಗಿಸುವ ದಿನಾಂಕವನ್ನು ಮೊದಲೇ ಕೇಳಬೇಕು.